ಹಟವಲ್ಲ, ನೋವು: ಕುದುರೆ ಟ್ರೇನರ್ ಆಗಬೇಕೆಂದ ಹುಡುಗಿಯ ಪ್ರಕರಣ

ಮೈಸೂರಿನ ಹುಡುಗಿ, ಎರಡನೇ ಪಿಯುಸಿ ವಿಜ್ಞಾನ. ಹೆಸರು ಮತ್ತು ಮನೆಯ ಕೆಲವು ವಿವರ ಬದಲಿಸಿದ್ದೇನೆ. ಇಲ್ಲಿ ಅವಳನ್ನು ಕಾವ್ಯ ಎಂದು ಕರೆಯುತ್ತೇನೆ. ಬರೆಯಲು ಅವಳೂ ಮನೆಯವರೂ ಒಪ್ಪಿದ್ದಾರೆ.

ಸಲಹೆಗಾಗಿ ಅವಳನ್ನು ನನ್ನ ಬಳಿ ಕರೆದುಕೊಂಡು ಬಂದವರು ಅವಳ ತಾಯಿ. ಅವರ ದೂರು ಎರಡು. ಓದಿನಲ್ಲಿ ಚುರುಕಾಗಿದ್ದ ಮಗಳು ಈಗ ನೀಟ್ ಬರೆಯಲ್ಲ, ಕುದುರೆ ಟ್ರೇನರ್ ಆಗ್ತೀನಿ ಅನ್ನುತ್ತಿದ್ದಾಳೆ. ಇನ್ನೊಂದು, ಕೆಲವು ತಿಂಗಳಿಂದ ತಾತನ ಜೊತೆ ಮಾತು ಬಿಟ್ಟಿದ್ದಾಳೆ. ತಾಯಿಗೆ ಇವು ಬೇರೆ ಬೇರೆ ಸಮಸ್ಯೆ. ಕಾವ್ಯಳೊಬ್ಬಳನ್ನೇ ಕೂರಿಸಿ ಮಾತಾಡಿದಾಗ ಎರಡರ ಬೇರೂ ಒಂದೇ ಎಂದು ನನಗೆ ಗೊತ್ತಾಯಿತು.

ತಾತ ಟಾಂಗಾ ಓಡಿಸುತ್ತಾರೆ. ಮನೆಯಲ್ಲಿರುವುದು ಒಂದೇ ಹೆಣ್ಣು ಕುದುರೆ. ಅದು ಇತ್ತೀಚೆಗೆ ಎಡಕ್ಕೆ ತಿರುಗಿಸಿದರೆ ತಲೆ ಕೊಡವುತ್ತಿತ್ತು, ನಡುರಸ್ತೆಯಲ್ಲೇ ನಿಂತುಬಿಡುತ್ತಿತ್ತು. ಹಿಂದಿನಿಂದ ಬಸ್ಸುಗಳ ಹಾರನ್, ಗಾಡಿಯಲ್ಲಿ ಪ್ರವಾಸಿಗರು. ತಾತ ಚಾವಟಿ ಬೀಸಿದರು. ಇದನ್ನು ಕಾವ್ಯ ನೋಡಿದಳು. ಚಾವಟಿ ಇಲ್ಲದೆ ಕುದುರೆ ಪಳಗಿಸುವವರ ವಿಡಿಯೊಗಳನ್ನು ಅವಳು ಆಗಲೇ ತುಂಬ ನೋಡಿದ್ದಳು. ತಾತನಿಗೆ ನೇರವಾಗಿ 'ನೀವು ಕ್ರೂರಿ' ಅಂದುಬಿಟ್ಟಳು. ಕುದುರೆಗೆ ಹುರುಳಿ ಬೇಯಿಸಿ ಹಾಕಿದ ಮೇಲೇ ತಾವು ಊಟಕ್ಕೆ ಕೂರುವ ಮನುಷ್ಯ ಅವರು. ಆ ಮಾತು ಎಷ್ಟು ಚುಚ್ಚಿರಬೇಕು!

ನಾನು ಕೇಳಿದೆ, 'ಎಡಕ್ಕೆ ಮಾತ್ರ ಯಾಕೆ ನಿಲ್ಲುತ್ತೆ? ಯಾರಾದರೂ ಅದರ ಬಾಯಿ ನೋಡಿದ್ದಾರಾ?'

'ಅದು ಹೆದರಿದೆ ಮೇಡಂ. ಪ್ರೀತಿಯಿಂದ ಕಲಿಸಿದರೆ ಸರಿಹೋಗುತ್ತೆ.'

ಅವಳ ಪ್ರೀತಿಯ ಬಗ್ಗೆ ನನಗೆ ಅನುಮಾನ ಇರಲಿಲ್ಲ. ಆದರೆ ತಾತ ಹಟ ಅಂದುಕೊಂಡರು, ಇವಳು ಹೆದರಿಕೆ ಅಂದುಕೊಂಡಳು. ಪರೀಕ್ಷೆ ಇಬ್ಬರೂ ಮಾಡಿರಲಿಲ್ಲ. ಯಾವ ನಿರ್ಧಾರಕ್ಕೂ ಮುಂಚೆ ಪಶುವೈದ್ಯರಿಗೆ ತೋರಿಸಿ, ಆಮೇಲೆ ಬನ್ನಿ ಎಂದೆ.

ವೈದ್ಯರು ಕಂಡದ್ದು ಹೀಗೆ. ಕುದುರೆಯ ಹಲ್ಲು ವಯಸ್ಸಾದರೂ ಒಸಡಿನಿಂದ ಮೇಲೆ ಬರುತ್ತಲೇ ಇರುತ್ತದೆ, ಮೇಯುವಾಗ ಸವೆಯುತ್ತಿರುತ್ತದೆ. ಸವೆತ ಸಮ ಆಗದಿದ್ದರೆ ಮೇಲಿನ ದವಡೆ ಹಲ್ಲುಗಳ ಹೊರ ಅಂಚು, ಕೆಳಗಿನವುಗಳ ಒಳ ಅಂಚು ಚೂಪಾಗುತ್ತವೆ. ಮೇಲಿನವು ಕೆನ್ನೆಯನ್ನು ಕೊಯ್ಯುತ್ತವೆ, ಕೆಳಗಿನವು ನಾಲಿಗೆಯನ್ನು. ಈ ಕುದುರೆಯ ಎಡಗೆನ್ನೆಯ ಒಳಗೆ ಹುಣ್ಣಾಗಿತ್ತು. ಎಡ ಲಗಾಮು ಎಳೆದಾಗಲೆಲ್ಲ ಆ ಹುಣ್ಣಿನ ಮೇಲೇ ಒತ್ತು ಬೀಳುತ್ತಿತ್ತು. ವೈದ್ಯರು ಅರದಿಂದ ಚೂಪು ಉಜ್ಜಿದರು, ಕೆಲವು ದಿನ ಕಡಿವಾಣ ಹಾಕಬೇಡಿ ಎಂದರು. ಮುಳ್ಳಿರುವ ಕಡಿವಾಣ ಹಾಕಿದರೆ ಮಾತು ಕೇಳುತ್ತೆ ಎಂದು ಗೆಳೆಯರೊಬ್ಬರು ತಾತನಿಗೆ ಹೇಳಿದ್ದರಂತೆ. ಗಾಡಿ ಎಳೆಯುವ ಪ್ರಾಣಿಗಳ ಮೇಲಿನ ಹಿಂಸೆ ತಡೆಯುವ 1965ರ ನಿಯಮದ ಪ್ರಕಾರವೇ ಅಂಥದ್ದನ್ನು ಬಳಸುವಂತಿಲ್ಲ ಎಂದು ಅವರಿಗೆ ತಿಳಿಸಿದೆ.

ಹುಣ್ಣು ವಾಸಿಯಾಯಿತು. ಕುದುರೆ ಮಾತ್ರ ಎಡ ತಿರುವು ಬಂದರೆ ಆಗಲೂ ಬೆಚ್ಚುತ್ತಿತ್ತು. ನೋವು ಹೋದರೂ ಅದರ ನೆನಪು ಹೋಗಿರಲಿಲ್ಲ. ಕಾವ್ಯ ವಿಡಿಯೊ ನೋಡಿ ಕಲಿತದ್ದು ಇಲ್ಲಿ ಕೆಲಸಕ್ಕೆ ಬಂತು. ಲಗಾಮು ಮೆಲ್ಲಗೆ ಹಿಡಿಯುವುದು, ಕುದುರೆ ಕತ್ತನ್ನು ಒಂಚೂರು ತಿರುಗಿಸಿದರೂ ತಕ್ಷಣ ಸಡಿಲ ಬಿಡುವುದು. ಕುದುರೆ ಕಲಿಯುವುದು ಒತ್ತು ತಪ್ಪಿದ ಆ ಕ್ಷಣದಲ್ಲಿ. ಸಡಿಲ ಬಿಡುವುದು ತಡವಾದರೆ ಏನೂ ಕಲಿಯುವುದಿಲ್ಲ, ಗಾಬರಿಯಷ್ಟೇ ಜಾಸ್ತಿಯಾಗುತ್ತದೆ. ಲಗಾಮು ಹಿಡಿದದ್ದು ತಾತ, ಪಕ್ಕದಲ್ಲಿ ನಿಂತು ಹೇಳಿದ್ದು ಮೊಮ್ಮಗಳು.

ತಾತನನ್ನೂ ಒಮ್ಮೆ ಕರೆಸಿದೆ. 'ಹಟ ಅಂತ ಹೊಡೆದೆ ಕಣಮ್ಮ. ನೋವು ಅಂತ ಗೊತ್ತಿದ್ರೆ ಹೊಡೀತಿದ್ನಾ?' ಎಂದರು. ಕಾವ್ಯ ತಲೆ ತಗ್ಗಿಸಿ ಕೂತಿದ್ದಳು. ಕ್ಷಮೆ ಕೇಳು ಎಂದು ನಾನು ಒತ್ತಾಯ ಮಾಡಲಿಲ್ಲ. ಕುದುರೆಗೆ ಹೊಟ್ಟೆಶೂಲೆ ಶುರುವಾದರೆ ನಿಮಗೆ ಹೇಗೆ ಗೊತ್ತಾಗುತ್ತೆ ಎಂದು ತಾತನನ್ನು ಕೇಳಿದೆ. ಮೇವು ಬಿಡುತ್ತೆ, ತಿರುಗಿ ತಿರುಗಿ ಹೊಟ್ಟೆ ನೋಡಿಕೊಳ್ಳುತ್ತೆ, ಕಾಲು ಕೆರೆಯುತ್ತೆ, ಲದ್ದಿ ಕಡಿಮೆಯಾಗುತ್ತೆ ಎಂದು ಒಂದೊಂದಾಗಿ ಹೇಳಿದರು. ಕಾವ್ಯ ಪುಸ್ತಕ ತೆಗೆದು ಬರೆದುಕೊಂಡಳು. ಅವರಿಬ್ಬರ ಮಾತು ಮತ್ತೆ ಶುರುವಾದದ್ದು ಹೀಗೆ.

ಇನ್ನು ವೃತ್ತಿಯ ಪ್ರಶ್ನೆ. ನಾನು ಕೊಟ್ಟ ಸಲಹೆ ಸ್ಪಷ್ಟವಾಗಿತ್ತು: ಟ್ರೇನರ್ ಆಗುವ ಆಸೆ ಬಿಡಬೇಡ, ಆದರೆ ಮೊದಲು ಪಶುವೈದ್ಯೆಯಾಗಲು ಪ್ರಯತ್ನಿಸು. ಟ್ರೇನರ್ ಎಂದು ಬೋರ್ಡ್ ಹಾಕಿಕೊಳ್ಳಲು ನಮ್ಮಲ್ಲಿ ವೈದ್ಯರಂತೆ ನೋಂದಣಿ ಬೇಕಿಲ್ಲ. ಅದಕ್ಕೇ ಒಳ್ಳೆಯವರೂ ಕೆಟ್ಟವರೂ ಒಂದೇ ಹೆಸರಿನಲ್ಲಿ ಇದ್ದಾರೆ. ವಿಡಿಯೊದಲ್ಲಿ ಸುಮ್ನೆ ನಿಂತ ಕುದುರೆ ಶಾಂತವಾಗಿದೆ ಎಂದೇನೂ ಇಲ್ಲ. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ ಎಂದು ಕೈಚೆಲ್ಲಿದ ಪ್ರಾಣಿಯೂ ಹಾಗೇ ನಿಲ್ಲುತ್ತದೆ. ಕುದುರೆಯ ಮುಖದಲ್ಲಿ ನೋವು ಗುರುತಿಸುವ ಅಳತೆಪಟ್ಟಿಯೊಂದು 2014ರಲ್ಲಿ ಬಂದಿದೆ. ಬಿಗಿಯಾಗಿ ಹಿಂದೆ ಹೋದ ಕಿವಿ, ಅರೆಮುಚ್ಚಿದ ಕಣ್ಣು, ಉಬ್ಬಿದ ದವಡೆ ಸ್ನಾಯು, ಬಿಗಿದ ಮೂಗಿನ ಹೊಳ್ಳೆ, ಇಂಥ ಆರು ಗುರುತು ನೋಡುತ್ತಾರೆ. ಇದನ್ನು ಕಲಿತ ಕಣ್ಣು ಚಾವಟಿಗೆ ಕೈ ಹಾಕುವ ಮುಂಚೆ ಕಾಲು, ಬೆನ್ನು, ಬಾಯಿ ನೋಡುತ್ತದೆ. ರೋಗ ಹುಡುಕಿ ಔಷಧ ಕೊಡುವ ಹಕ್ಕು ಮಾತ್ರ 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ ನೋಂದಾಯಿತ ಪಶುವೈದ್ಯರಿಗೇ ಸೇರಿದ್ದು.

ಪಶುವೈದ್ಯಕೀಯ ಪದವಿ ಬಿವಿಎಸ್‌ಸಿ ಐದೂವರೆ ವರ್ಷದ ಓದು, ಅದರಲ್ಲಿ ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೆಳಗೆ ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳಲ್ಲಿ ಕಾಲೇಜುಗಳಿವೆ. ಅಖಿಲ ಭಾರತ ಕೋಟಾದ ಶೇ 15 ಸೀಟು ನೀಟ್ ಅಂಕದ ಮೇಲೆ ಸಿಗುತ್ತದೆ. ರಾಜ್ಯದ ಸೀಟು ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ), ಅದರ ಆ ವರ್ಷದ ಪ್ರಕಟಣೆ ಓದಿಯೇ ಅರ್ಜಿ ಹಾಕಬೇಕು. ನೀಟ್ ಅಂದರೆ ಎಂಬಿಬಿಎಸ್ ಒಂದೇ ಎಂದು ಕಾವ್ಯ ತಿಳಿದಿದ್ದಳು. ಇದು ಗೊತ್ತಾದ ಮೇಲೆ ಪರೀಕ್ಷೆಯ ಮೇಲಿನ ಸಿಟ್ಟು ಇಳಿಯಿತು.

ಒಂದು ವಿಷಯ ಅವಳಿಗೆ ಬೇಸರ ತಂದಿತು. ಕಾಲೇಜಿನಲ್ಲಿ ಕಲಿಯುವುದು ಹೆಚ್ಚಾಗಿ ಹಸು, ಎಮ್ಮೆ, ಕುರಿ, ಕೋಳಿ, ನಾಯಿ. ಕುದುರೆ ಸಿಗುವುದು ಕಡಿಮೆ. ಅದಕ್ಕೆ ರಜೆಯಲ್ಲಿ ರೇಸ್ ಕ್ಲಬ್, ಕುದುರೆ ತಳಿ ಬೆಳೆಸುವ ಸ್ಟಡ್ ಫಾರ್ಮ್, ಸವಾರಿ ಶಾಲೆಗಳಲ್ಲಿ ಅನುಮತಿ ಕೇಳಿ ಕಲಿಯಬೇಕು. ಮೈಸೂರಿನಲ್ಲೇ ಪೊಲೀಸ್ ಅಶ್ವಾರೋಹಿ ದಳವಿದೆ. ಕುಣಿಗಲ್ ಸ್ಟಡ್ ಫಾರ್ಮ್ ಟಿಪ್ಪು ಕಾಲದಿಂದ ಬಂದದ್ದು. ಡಿಗ್ರಿ ಆದ ಮೇಲೆ ಸೇನೆಯ ಪ್ರಾಣಿಗಳನ್ನು ನೋಡಿಕೊಳ್ಳುವ ರಿಮೌಂಟ್ ಅಂಡ್ ವೆಟರ್ನರಿ ಕೋರ್ ಇದೆ, ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಇದೆ. ನಡವಳಿಕೆ ವಿಜ್ಞಾನವೇ ಬೇಕೆಂದರೆ ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ ಪ್ರಾಣಿಗಳ ನಡವಳಿಕೆ ಮತ್ತು ಕ್ಷೇಮದ ಎಂಎಸ್‌ಸಿ ಇದೆ. ಅದು ದುಬಾರಿ, ಈಗಲೇ ಅದರ ಲೆಕ್ಕ ಹಾಕುವುದು ಬೇಡ ಎಂದೆ.

ಆಟೊ ಓಡಿಸುವ ಅಪ್ಪ ಕೇಳಿದ್ದು ನೇರ ಪ್ರಶ್ನೆ: 'ಸೀಟ್ ಸಿಗದಿದ್ರೆ?' ಅದನ್ನು ಕೇಳಿದ್ದು ಒಳ್ಳೆಯದಾಯಿತು. ಸಿಗದಿದ್ದರೆ ಪ್ರಾಣಿಶಾಸ್ತ್ರ ಇರುವ ಬಿಎಸ್‌ಸಿ, ಅದರ ಜೊತೆಗೇ ಸವಾರಿ ಶಾಲೆಯಲ್ಲಿ ಲಾಯದ ಕೆಲಸದಿಂದ ಶುರು ಮಾಡಿ ತರಬೇತಿ ಕಲಿಯುವುದು. ಎಸ್ಸೆಸ್ಸೆಲ್ಸಿ ಆಧಾರದ ಎರಡು ವರ್ಷದ ಪಶುಸಂಗೋಪನಾ ಡಿಪ್ಲೊಮಾ ಕೂಡ ಇದೆ, ಆದರೆ ಅದನ್ನು ಓದಿದವರು ಪಶುವೈದ್ಯರ ಉಸ್ತುವಾರಿಯಲ್ಲಿ ಸಣ್ಣಪುಟ್ಟ ಚಿಕಿತ್ಸೆಯನ್ನಷ್ಟೇ ಮಾಡಬಹುದು. ಶೂಲೆ ಬಂದ ಕುದುರೆಗಾಗಿ ರಾತ್ರಿಯಿಡೀ ನಿಲ್ಲಬೇಕಾಗುತ್ತೆ, ಒದೆತ ತಿನ್ನುವ ಅಪಾಯ ಇದ್ದೇ ಇದೆ, ಕಾಲು ಮುರಿದ ಪ್ರಾಣಿಗೆ ದಯಾಮರಣ ಕೊಡಬೇಕಾದ ದಿನವೂ ಬರುತ್ತೆ. ಇದನ್ನೂ ಮುಚ್ಚಿಡದೆ ಹೇಳಿದೆ. ಕಾವ್ಯ ಸ್ವಲ್ಪ ಹೊತ್ತು ಯೋಚಿಸಿ, 'ಅದನ್ನೂ ಯಾರಾದರೂ ಸರಿಯಾಗಿ ಮಾಡಬೇಕಲ್ವಾ ಮೇಡಂ' ಎಂದಳು.

ಈಗ ಅವಳು ವಾರದ ದಿನಗಳಲ್ಲಿ ನೀಟ್‌ಗೆ ಓದುತ್ತಾಳೆ, ಭಾನುವಾರ ಬೆಳಗ್ಗೆ ಲಾಯದ ಕೆಲಸ. ಅದಕ್ಕೆ ನಾನು ಹಾಕಿದ ಷರತ್ತುಗಳು: ಲಾಯದಲ್ಲಿ ಒಬ್ಬಳೇ ಇರಬಾರದು, ಗಟ್ಟಿ ಬೂಟು ಹಾಕಬೇಕು, ಕುದುರೆಯ ನೇರ ಹಿಂದೆ ನಿಲ್ಲಬಾರದು. ಧನುರ್ವಾಯುವಿನ ರೋಗಾಣು ಕುದುರೆ ಲದ್ದಿಯಲ್ಲಿ, ಲಾಯದ ಮಣ್ಣಿನಲ್ಲಿ ಇರಬಹುದು. ಹಾಗಾಗಿ ಟಿಟಿ ಇಂಜೆಕ್ಷನ್ ಯಾವಾಗ ಆಗಿದೆ ಎಂದು ಡಾಕ್ಟರನ್ನು ಕೇಳಿ, ಬೇಕಿದ್ದರೆ ಮತ್ತೆ ಹಾಕಿಸಿ ಎಂದು ಅವಳ ತಾಯಿಗೆ ಹೇಳಿದ್ದೇನೆ. ಗಾಡಿ ಎಳೆಯುವ ಕುದುರೆಗೂ ಅದೇ ರೋಗ ಬಹಳ ಬೇಗ ತಗಲುತ್ತದೆ. ಅದರ ಲಸಿಕೆಯನ್ನೂ ವೈದ್ಯರನ್ನು ಕೇಳಿ ಹಾಕಿಸಲು ತಾತ ಒಪ್ಪಿದ್ದಾರೆ.