ಹಳೆ ಸರಪಳಿ 4 ಎಕರೆ ಅನ್ನುತ್ತದೆ, ರೋವರ್ 3 ಎಕರೆ 36 ಗುಂಟೆ ಅನ್ನುತ್ತದೆ. ಅಳತೆ ಸರಿ ಇದೆಯಾ ಅಂತ ನೋಡುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ಔರಾದ್ ಕಡೆ ನಿಮ್ಮ ಅಜ್ಜನ ಹೊಲ. ಹಳೆ ದಾಖಲೆಯಲ್ಲಿ 4 ಎಕರೆ. ಈಗ ರೋವರ್ (ಉಪಗ್ರಹದ ಸಂಕೇತದಿಂದ ಜಾಗ ಗುರುತಿಸುವ ಉಪಕರಣ) ಇಟ್ಟು ಅಳೆದರೆ 4 ಗುಂಟೆ ಕಡಿಮೆ. ಯಾವುದನ್ನು ನಂಬಬೇಕು? ಅದರ ಬೆನ್ನಿಗೇ ಇನ್ನೊಂದು ಕೇಳಿದ್ದೀರಿ: ಒಂದು ಉಪಕರಣ ಸರಿ ಇದೆಯಾ ಅಂತ ಇನ್ನೊಂದರಿಂದ ನೋಡುತ್ತೇವೆ, ಆ ಇನ್ನೊಂದನ್ನು ನೋಡುವುದು ಯಾವುದರಿಂದ? ವಿಜ್ಞಾನದ ಅಳತೆಯೆಲ್ಲ ಹೀಗೇ ಗಾಳಿಯಲ್ಲಿ ನಿಂತಿದೆಯಾ?

ನಾನು ಬೀದರಿನಲ್ಲಿ ಲೈಸೆನ್ಸ್ ಸರ್ವೇಯರ್. ಹೊಲದ ಮಾತಿಗೆ ಕೊನೆಯಲ್ಲಿ ಬರುತ್ತೇನೆ. ಅವಸರ ಇದ್ದರೆ ನೇರ ಅಲ್ಲಿಗೇ ಹೋಗಿ, ಬೇಜಾರಿಲ್ಲ. ಆದರೆ ಎರಡನೇ ಪ್ರಶ್ನೆ ನಮ್ಮ ಬೀದರಿನ ನೆಲದ ಮೇಲೇ ಒಮ್ಮೆ ಎದ್ದಿತ್ತು. ಅದನ್ನು ಬಿಟ್ಟು ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ.

1802ರಲ್ಲಿ ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಒಂದು ಆಧಾರ ರೇಖೆ ಅಳೆದ. ಅಲ್ಲಿಂದ ತ್ರಿಕೋನಗಳನ್ನು ಹೆಣೆಯುತ್ತ ದಕ್ಷಿಣ ಭಾರತವನ್ನೆಲ್ಲ ಅಳೆಯಲು ಹೊರಟ. ಆಧಾರ ರೇಖೆ ಅಂದರೆ ನೆಲದ ಮೇಲೆ ನಿಜವಾಗಿ ಅಳೆದ ಉದ್ದ. ಉಳಿದದ್ದೆಲ್ಲ ಕೋನ ಮತ್ತು ಲೆಕ್ಕ. ಅವನ ಹತ್ತಿರ ಇದ್ದದ್ದು 100 ಅಡಿಯ ಉಕ್ಕಿನ ಸರಪಳಿ. ಚೀನಾದ ಚಕ್ರವರ್ತಿಗೆ ಕಾಣಿಕೆ ಕೊಡಲು ಒಯ್ದದ್ದು, ಅಲ್ಲಿ ಬೇಡ ಅಂದಿದ್ದಕ್ಕೆ ಕಲ್ಕತ್ತಾಕ್ಕೆ ಬಂದದ್ದು. ಇನ್ನೊಂದು ಸರಪಳಿಯನ್ನು ಕೆಲಸಕ್ಕೆ ಬಳಸದೆ ಬರೀ ಹೋಲಿಸಿ ನೋಡಲು ಇಟ್ಟುಕೊಂಡಿದ್ದ. ನಿಮ್ಮ ಪ್ರಶ್ನೆ ಅವನಿಗೂ ಗೊತ್ತಿತ್ತು ಅಂತಾಯಿತು, ಅಲ್ವಾ? 1815ರಲ್ಲಿ ಅವನು ಬೀದರ್ ಹತ್ತಿರದ ದಾಮರಗಿದ್ದಕ್ಕೆ ಬಂದು ಇನ್ನೊಂದು ಆಧಾರ ರೇಖೆ ಅಳೆದ. ಕನ್ಯಾಕುಮಾರಿ ಬಳಿಯಿಂದ ದಾಮರಗಿದ್ದದವರೆಗೆ ಸುಮಾರು 10 ಡಿಗ್ರಿ ಅಕ್ಷಾಂಶ.

ಈಗ ಸರಪಳಿಯ ಕಷ್ಟ ನೋಡಿ. ಉಕ್ಕು ಬಿಸಿಲಿಗೆ ಹಿಗ್ಗುತ್ತದೆ. ಪ್ರತಿ ಡಿಗ್ರಿಗೆ ಲಕ್ಷದಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ. ಕೇಳಲು ಏನೂ ಅಲ್ಲ. ಆದರೆ ಬೆಳಗಿನ ತಂಪಿಗೂ ನಮ್ಮ ಬಿಸಿಲಿಗೂ ಲೋಹದಲ್ಲಿ 20 ಡಿಗ್ರಿ ವ್ಯತ್ಯಾಸ ಬಂತು ಅಂದುಕೊಳ್ಳಿ. ಎಂಟು ಮೈಲಿಯ ರೇಖೆಯಲ್ಲಿ ಅದು ಒಂಬತ್ತು ಅಡಿಗೂ ಮೀರುತ್ತದೆ. ಹಾಗಾಗಿ ಉದ್ದ ಅಳೆಯಲು ಥರ್ಮಾಮೀಟರ್ ಬೇಕು.

ಥರ್ಮಾಮೀಟರ್ ಸರಿ ಇದೆಯಾ? ಕರಗುವ ಮಂಜುಗಡ್ಡೆಯಲ್ಲಿ ಇಟ್ಟು 0, ಕುದಿಯುವ ನೀರಲ್ಲಿ ಇಟ್ಟು 100 ಗುರುತು ಹಾಕುತ್ತಾರೆ. ಆದರೆ ನೀರು ಎಲ್ಲ ಕಡೆ 100ಕ್ಕೇ ಕುದಿಯುವುದಿಲ್ಲ. ಬೀದರ್ ಸಮುದ್ರಮಟ್ಟಕ್ಕಿಂತ ಆರುನೂರು ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ಸುಮಾರು 98ಕ್ಕೇ ಕುದಿಯುತ್ತದೆ. ಅದು ಗಾಳಿಯ ಒತ್ತಡದ ಮೇಲೆ ಹೋಗುತ್ತದೆ. ಒತ್ತಡ ಅಳೆಯುವುದು ಹೇಗೆ? ಬ್ಯಾರೋಮೀಟರಿನಲ್ಲಿ ಪಾದರಸದ ಕಂಬದ ಎತ್ತರ ನೋಡಿ. ಎತ್ತರ ಅಂದರೆ ಉದ್ದ! ಉದ್ದಕ್ಕೆ ಉಷ್ಣತೆ ಬೇಕು, ಉಷ್ಣತೆಗೆ ಒತ್ತಡ ಬೇಕು, ಒತ್ತಡಕ್ಕೆ ಮತ್ತೆ ಉದ್ದ ಬೇಕು. ಹೊರಟ ಜಾಗಕ್ಕೇ ಬಂದೆವು.

0 ಮತ್ತು 100ರ ನಡುವೆ ಇನ್ನೂ ದೊಡ್ಡ ತೊಡಕಿದೆ. ಪಾದರಸ ಸಮನಾಗಿ ಹಿಗ್ಗುತ್ತದೆ ಅಂತ ಹೇಗೆ ಗೊತ್ತು? ಅದನ್ನು ಪರೀಕ್ಷಿಸಲು ನಿಜವಾದ ಉಷ್ಣತೆ ಮೊದಲೇ ಗೊತ್ತಿರಬೇಕು. ಅದನ್ನು ಹೇಳಬೇಕಾದ್ದು ಇದೇ ಪಾದರಸ. ಮದ್ಯಸಾರದ ಥರ್ಮಾಮೀಟರ್ ಇಟ್ಟರೆ ನಡುವೆ ಬೇರೆ ಅಂಕಿ ಬರುತ್ತದೆ. ವಿಜ್ಞಾನದ ಇತಿಹಾಸಕಾರ ಹಸೋಕ್ ಚಾಂಗ್ ಅವರು ಈ ಗಂಟಿನ ಬಗ್ಗೆಯೇ ತುಂಬ ಬರೆದಿದ್ದಾರೆ. 1840ರ ದಶಕದಲ್ಲಿ ಫ್ರಾನ್ಸಿನ ವಿಜ್ಞಾನಿ ರೆನ್ಯೋ ಹಿಡಿದ ದಾರಿ ನನಗೆ ಬಹಳ ಇಷ್ಟ. ಯಾವುದು ಸತ್ಯ ಅಂತ ಅವನು ಕೇಳಲೇ ಇಲ್ಲ. ಒಂದೇ ಬಗೆಯ ಥರ್ಮಾಮೀಟರುಗಳನ್ನು ಬೇರೆ ಬೇರೆ ಗಾಜಿನಲ್ಲಿ, ಬೇರೆ ಬೇರೆ ರೀತಿಯಲ್ಲಿ ಮಾಡಿಸಿ, ಅವು ತಮ್ಮತಮ್ಮಲ್ಲೇ ಒಪ್ಪುತ್ತವೆಯಾ ಅಂತ ನೋಡಿದ. ಗಾಜು ಬದಲಾದರೆ ಪಾದರಸದವು ಬೇರೆ ಬೇರೆ ಹೇಳಿದವು. ಗಾಳಿ ತುಂಬಿದವು ಚೆನ್ನಾಗಿ ಒಪ್ಪಿದವು. ತನ್ನ ಜೊತೆಯವರೊಂದಿಗೇ ಜಗಳವಾಡುವ ಉಪಕರಣ ಸರಿ ಇರಲು ಸಾಧ್ಯವಿಲ್ಲ, ಅಷ್ಟೇ ಅವನ ತರ್ಕ. ನಮ್ಮ ಕೆಲಸದಲ್ಲಿ ಸಾಕ್ಷಿಗಳನ್ನು ಬೇರೆ ಬೇರೆ ಕೂರಿಸಿ ಬಾಂದು ಕಲ್ಲು ಎಲ್ಲಿತ್ತು ಅಂತ ಕೇಳುತ್ತೇವಲ್ಲ, ಹಾಗೆ.

ಉದ್ದ, ಉಷ್ಣತೆ, ಒತ್ತಡದ ಆ ಸುತ್ತಿನಿಂದ ಹೊರಗೆ ಬರುವುದು ಹೇಗೆ? ನಾನು ಸುಮ್ನೆ ಲೆಕ್ಕ ಹಾಕಿ ನೋಡಿದೆ. ಪಾದರಸದ ಕಂಬವನ್ನು 760 ಮಿಲಿಮೀಟರಿನಲ್ಲಿ 1 ಮಿಲಿಮೀಟರ್ ತಪ್ಪು ಓದಿದಿರಿ ಅನ್ನಿ. ಕುದಿಯುವ ಬಿಂದು ತಪ್ಪುವುದು ಡಿಗ್ರಿಯ ನೂರರಲ್ಲಿ ನಾಲ್ಕು ಪಾಲಿನಷ್ಟು. ಆ ತಪ್ಪು ಎಂಟು ಮೈಲಿಯ ರೇಖೆಗೆ ಬಂದಾಗ ಕಾಲು ಇಂಚೂ ಆಗುವುದಿಲ್ಲ. 760ರಲ್ಲಿ ಒಂದು ಪಾಲಿನ ತಪ್ಪು ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಇಪ್ಪತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಚಿಕ್ಕದಾಯಿತು. ಒರಟು ಅಳತೆಕೋಲು ಹಿಡಿದು ಶುರು ಮಾಡಿದರೂ ನಡೆಯುತ್ತದೆ. ಸುತ್ತಿನಲ್ಲಿ ತಪ್ಪು ಕುಗ್ಗುತ್ತ ಹೋಗಬೇಕು, ಅಷ್ಟು ಸಾಕು. ಬೆಳೆಯುವ ಸುತ್ತಾದರೆ ಮಾತ್ರ ನೀವು ಹೇಳಿದ ಹಾಗೆ ಗಾಳಿಯಲ್ಲಿ ನಿಂತ ಹಾಗೆ.

ಮತ್ತೆ ಬೀದರಿಗೆ ಬರೋಣ. ಲ್ಯಾಂಬ್ಟನ್ 1823ರಲ್ಲಿ ಹಿಂಗಣಘಾಟಿನಲ್ಲಿ ತೀರಿಕೊಂಡ. ಜಾರ್ಜ್ ಎವರೆಸ್ಟ್ ಕೆಲಸ ಮುಂದುವರಿಸಿದ. ಅವನಿಗೆ ಸರಪಳಿಯ ಮೇಲೆ ನಂಬಿಕೆ ಇರಲಿಲ್ಲ. ಕಬ್ಬಿಣ ಮತ್ತು ಹಿತ್ತಾಳೆಯ ಪಟ್ಟಿಗಳನ್ನು ಜೋಡಿಸಿದ ಕೋಲ್ಬಿ ಅನ್ನುವ ಬ್ರಿಟಿಷ್ ಸರ್ವೇಯರ್ ರೂಪಿಸಿದ ಹತ್ತು ಅಡಿಯ ಬಾರುಗಳನ್ನು (ಲೋಹದ ಅಳತೆಕೋಲುಗಳನ್ನು) ತರಿಸಿದ. ಎರಡು ಲೋಹ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ. ಅವುಗಳ ತುದಿಯಲ್ಲಿ ಅಡ್ಡ ಕೂರಿಸಿದ ನಾಲಿಗೆಯ ಮೇಲೆ ಒಂದು ಚುಕ್ಕೆ ಮಾತ್ರ ಸರಿಯುವುದಿಲ್ಲ. ಥರ್ಮಾಮೀಟರಿನ ಹಂಗೇ ಬೇಡ ಅನ್ನುವ ಉಪಾಯ. 1841ರಲ್ಲಿ ಆಂಡ್ರ್ಯೂ ವಾ ಇದೇ ಬಾರುಗಳಿಂದ ಬೀದರಿನ ಆಧಾರ ರೇಖೆ ಅಳೆದ. (ಮುಂದೆ ಶಿಖರಕ್ಕೆ ಎವರೆಸ್ಟ್ ಹೆಸರು ಇಡಬೇಕು ಅಂದವನೂ ಇವನೇ.) ಉದ್ದ ಎಂಟು ಮೈಲಿಗೆ ಸ್ವಲ್ಪ ಕಡಿಮೆ. ಅದೇ ಉದ್ದವನ್ನು 425 ಮೈಲಿ ದೂರದ, ಮಧ್ಯ ಭಾರತದ ಸಿರೋಂಜ್ ಆಧಾರ ರೇಖೆಯಿಂದ ತ್ರಿಕೋನಗಳ ಮೂಲಕ ಲೆಕ್ಕ ಹಾಕಿಯೂ ತೆಗೆದಿದ್ದರು. ಎರಡರ ನಡುವೆ ಬಂದ ವ್ಯತ್ಯಾಸ ನಾಲ್ಕು ಇಂಚಿನ ಹತ್ತಿರ.

ಇದನ್ನು ಓದಿದರೆ ನನಗೆ ಇವತ್ತಿಗೂ ಮೈ ಜುಮ್ ಅನ್ನುತ್ತದೆ. ಆದರೆ ಒಂದು ಮಾತು ಗಮನಿಸಿ. ಸಿರೋಂಜಿನಲ್ಲೂ ಬೀದರಿನಲ್ಲೂ ಅಳೆದದ್ದು ಅದೇ ಬಾರುಗಳು. ಬಾರಿನ ಹತ್ತು ಅಡಿಯೇ ತಪ್ಪಾಗಿದ್ದರೆ ಎರಡೂ ಕಡೆ ಒಂದೇ ತಪ್ಪು. ಆಗಲೂ ನಾಲ್ಕು ಇಂಚಿನೊಳಗೆ ಹೊಂದುತ್ತಿತ್ತು! ಅಂದರೆ ಆ ಹೊಂದಾಣಿಕೆ ಕೋನಗಳ ಬಗ್ಗೆ, ಕೆಲಸದ ಶಿಸ್ತಿನ ಬಗ್ಗೆ ಸಾಕ್ಷಿ ಹೇಳುತ್ತದೆ. ಅಡಿಯ ಬಗ್ಗೆ ಏನೂ ಹೇಳುವುದಿಲ್ಲ. ಎರಡು ಅಳತೆ ಒಪ್ಪಿದರೆ ನಾನು ಮೊದಲು ಕೇಳುವುದು, ಇವೆರಡಕ್ಕೂ ಸಮಾನವಾದದ್ದು ಏನು ಅಂತ. ಅಡಿಯ ತಂಟೆ ಮುಂದೆಯೂ ಮುಗಿಯಲಿಲ್ಲ. ಎವರೆಸ್ಟ್ ಲೆಕ್ಕ ಹಾಕಿದ ಭೂಮಿಯ ಆಕಾರಕ್ಕೆ ಭಾರತದಲ್ಲಿ ಒಂದು, ಮಲೇಷ್ಯಾದಲ್ಲಿ ಒಂದು ಹೀಗೆ ಮೀಟರಿನಲ್ಲಿ ಬೇರೆ ಬೇರೆ ಅಂಕಿಗಳಿವೆ. ಭೂಮಿ ಒಂದೇ. ಅಡಿಯನ್ನು ಮೀಟರಿಗೆ ತಿರುಗಿಸಿದ ಅಂಕಿ ಬೇರೆ.

ಒಪ್ಪದ ಅಳತೆಯ ಕಥೆ ಇನ್ನೂ ಚೆನ್ನಾಗಿದೆ. ಮಧ್ಯ ಭಾರತದ ಕಲ್ಯಾಣಪುರದಿಂದ ಹಿಮಾಲಯಕ್ಕೆ ಹತ್ತಿರದ ಕಲಿಯಾನಾವರೆಗೆ ಅಕ್ಷಾಂಶದ ಅಂತರವನ್ನು ಎರಡು ರೀತಿ ತೆಗೆದರು. ಒಂದು ತ್ರಿಕೋನಗಳಿಂದ, ಇನ್ನೊಂದು ನಕ್ಷತ್ರ ನೋಡಿ. ನಕ್ಷತ್ರದ ಅಳತೆಗೆ ನೆಟ್ಟಗೆ ಯಾವುದು ಅಂತ ಗೊತ್ತಿರಬೇಕು. ಅದನ್ನು ಹೇಳುವುದು ಗೌಂಡಿಗಳು ಗೋಡೆಗೆ ಹಿಡಿಯುವಂಥ ತೂಗುಗುಂಡು. ಎರಡು ಉತ್ತರಕ್ಕೂ 5.236 ಸೆಕೆಂಡ್ ವ್ಯತ್ಯಾಸ (ಇಲ್ಲಿ ಸೆಕೆಂಡ್ ಅಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು). ನೆಲದ ಮೇಲೆ ಸುಮಾರು 160 ಮೀಟರ್. ಎವರೆಸ್ಟ್ ಅದನ್ನು ಅಳತೆಯಲ್ಲಿ ಕೂಡಿಬಂದ ತಪ್ಪು ಅಂತ ತಿಳಿದು ತ್ರಿಕೋನಗಳಿಗೆ ಹಂಚಿಬಿಟ್ಟ. ಬೀದರಿನಲ್ಲಿ ನಾಲ್ಕು ಇಂಚು ಸಾಧಿಸಿದ ತಂಡ ಇಲ್ಲಿ 160 ಮೀಟರ್ ತಪ್ಪಿತು ಅಂದರೆ ನಂಬುವುದು ಹೇಗೆ?

ಕಲ್ಕತ್ತಾದ ಪಾದ್ರಿ ಜಾನ್ ಪ್ರಾಟ್ ನಂಬಲಿಲ್ಲ. ಹಿಮಾಲಯವೇ ಗುಂಡನ್ನು ತನ್ನ ಕಡೆ ಎಳೆದಿದೆ ಅಂದ. 1855ರಲ್ಲಿ ಬೆಟ್ಟಗಳ ರಾಶಿಯನ್ನೆಲ್ಲ ಲೆಕ್ಕ ಹಾಕಿದರೆ 15 ಸೆಕೆಂಡಿಗೂ ಜಾಸ್ತಿ ಬರಬೇಕಿತ್ತು. ಬಂದದ್ದು 5. ಯಾಕಿಷ್ಟು ಕಡಿಮೆ? ಅದೇ ವರ್ಷ ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾರ್ಜ್ ಏರಿ ಒಂದು ಉತ್ತರ ಕೊಟ್ಟ. ಬೆಟ್ಟಗಳ ಕೆಳಗೂ ಹಗುರ ಕಲ್ಲಿನ ಆಳವಾದ ಬೇರಿದೆ, ಅವು ಕೆಳಗಿನ ಭಾರದ ಪದರದಲ್ಲಿ ತೇಲುತ್ತಿವೆ ಅಂತ. ಇವತ್ತು ಐಸೊಸ್ಟಸಿ ಅಂತ ಭೂವಿಜ್ಞಾನದಲ್ಲಿ ಓದುವುದು ಅಲ್ಲಿಂದ ಶುರು. ಎವರೆಸ್ಟ್ ಹಂಚಿಬಿಟ್ಟ 5 ಸೆಕೆಂಡನ್ನು ಪ್ರಾಟ್ ಮತ್ತೆ ಕೆದಕದೆ ಇದ್ದಿದ್ದರೆ ಅದು ಯಾರಿಗೂ ಕಾಣುತ್ತಿರಲಿಲ್ಲ.

ಈಗ ನಿಮ್ಮ ಹೊಲ. 160 ಗುಂಟೆಯಲ್ಲಿ 4 ಕಡಿಮೆ ಅಂದರೆ ನೂರಕ್ಕೆ ಎರಡೂವರೆ. ಇದನ್ನು ಸರಪಳಿಯ ತಲೆಗೆ ಕಟ್ಟಬೇಕಾದರೆ 33 ಅಡಿಯ ಸರಪಳಿ ಐದು ಇಂಚು ಗಿಡ್ಡ ಇರಬೇಕಿತ್ತು. ಆದರೆ ಸರಪಳಿ ಸವೆದರೆ ಉದ್ದವಾಗುತ್ತದೆ. ಉದ್ದ ಸರಪಳಿಯಿಂದ ಹೊಲ ಕಡಿಮೆ ಲೆಕ್ಕಕ್ಕೆ ಬರುತ್ತದೆ, ಜಾಸ್ತಿ ಅಲ್ಲ. ನಿಮ್ಮದು ಉಲ್ಟಾ. ಇಳಿಜಾರಿನ ಮೇಲೆ ಹಾಗೇ ಎಳೆದು ಅಳೆದಿದ್ದರೆ ಜಾಸ್ತಿ ಬರುತ್ತದೆ, ನಿಜ. ಅದಕ್ಕೆ ಹನ್ನೆರಡು ಡಿಗ್ರಿಗೂ ಮೀರಿದ ಇಳಿಜಾರು ಬೇಕು. ಅಂಥ ನೆಲದಲ್ಲಿ ತೊಗರಿ ಬಿತ್ತುತ್ತೀರಾ?

ನನ್ನ ಅನುಮಾನ ಎರಡೂ ಉಪಕರಣಗಳ ಮೇಲಿಲ್ಲ. ಅವು ಬೇರೆ ಬೇರೆ ಹೊಲ ಅಳೆದಿವೆ. ಹಳೆಯದು ಬಾಂದು ಕಲ್ಲಿನಿಂದ ಬಾಂದು ಕಲ್ಲಿಗೆ, ಖರಾಬ್ (ಸಾಗುವಳಿಗೆ ಬಾರದ ನೆಲ) ಸೇರಿಸಿ ಇರಬಹುದು. ರೋವರ್ ಹಿಡಿದವರು ಈಗ ಉಳುಮೆ ಆಗುತ್ತಿರುವ ಬದುವಿನ ಮೇಲೆ ನಡೆದಿರಬಹುದು. ಪಕ್ಕದವರ ನೇಗಿಲು ವರ್ಷಕ್ಕೆ ನಾಲ್ಕು ಬೆರಳು ಸರಿದರೂ ಅಜ್ಜನ ಕಾಲದಿಂದ ಲೆಕ್ಕ ಹಾಕಿ.

ಎಕರೆಗೆ ಎಕರೆ ಹೋಲಿಸಬೇಡಿ. ಹಳೆ ಟಿಪ್ಪಣಿಯ (ಹಳೆ ಸರ್ವೆಯ ಅಳತೆ ದಾಖಲೆಯ) ನಕಲು ತೆಗೆಸಿ. ಅದರಲ್ಲಿ ಪ್ರತಿ ಗೆರೆಯ ಉದ್ದ ಬರೆದಿರುತ್ತದೆ. ರೋವರಿನ ಬಿಂದುಗಳಿಂದ ಅದೇ ಗೆರೆಗಳ ಉದ್ದ ಲೆಕ್ಕ ಹಾಕಿಸಿ. ಎಲ್ಲ ಗೆರೆಗಳೂ ಒಂದೇ ಪ್ರಮಾಣದಲ್ಲಿ ಕುಗ್ಗಿದ್ದರೆ ನನ್ನ ಲೆಕ್ಕ ಬಿಡಿ, ಅಳತೆಯದೇ ತಪ್ಪು. ಒಂದು ಕಡೆ ಮಾತ್ರ ಕುಗ್ಗಿದ್ದರೆ ಆ ಬದಿಯ ಕಲ್ಲು ಹುಡುಕಿ, ಹದ್ದುಬಸ್ತಿಗೆ (ಅಧಿಕೃತವಾಗಿ ಗಡಿ ಗುರುತಿಸಿಕೊಡಲು) ಅರ್ಜಿ ಹಾಕಿ. ಅಳೆಯುವ ದಿನ ಪಕ್ಕದ ಹೊಲದವರನ್ನೂ ಕರೆಯಿರಿ. ಅವರ ಪಹಣಿಯಲ್ಲಿ ಎಷ್ಟಿದೆ, ರೋವರಿನಲ್ಲಿ ಎಷ್ಟು ಬರುತ್ತದೆ ಅಂತಲೂ ನೋಡಿ. ನಿಮ್ಮ 4 ಗುಂಟೆ ಅಲ್ಲಿ ಸಿಕ್ಕರೂ ಸಿಗಬಹುದು.