ಇಬ್ಬರು ಮಕ್ಕಳು, ಎರಡು ಪಾಳಿ

ಹೆಸರು ಪ್ರಕಟಿಸಬೇಡಿ ಎಂದು ಕೋರಿ ಮುಂಬಯಿಯ ಹೊರವಲಯದ ಡೊಂಬಿವಲಿಯ ಓದುಗರೊಬ್ಬರು ಬರೆದ ಪತ್ರದ ಸಾರ:

"ಉಡುಪಿಯಲ್ಲಿ ಬಿ.ಕಾಂ. ಮುಗಿಸಿದ್ದೇನೆ. ಮದುವೆಗೆ ಮುಂಚೆ ಸಹಕಾರಿ ಸಂಘವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಮಗಳು ಏಳನೆಯ ತರಗತಿ. ಅವಳ ಶಾಲೆ ಬೆಳಿಗ್ಗೆ 7ರಿಂದ 12.30. ಮಗ ಎರಡನೆಯ ತರಗತಿ. ಅವನದು ಮಧ್ಯಾಹ್ನ 12.45ರಿಂದ 5.45. ಯಜಮಾನರು ಮುಂಬಯಿಯ ಫೋರ್ಟ್‌ನಲ್ಲಿ ಹೋಟೆಲ್ ಮ್ಯಾನೇಜರ್. ನಸುಕಿಗೆ ಹೊರಟರೆ ಬರುವುದು ರಾತ್ರಿಗೆ, ಮಂಗಳವಾರ ರಜೆ. ನಾನು ಕೆಲಸಕ್ಕೆ ಹೋಗಲು ಅವರ ಅಭ್ಯಂತರವಿಲ್ಲ. ಮಕ್ಕಳ ಶಾಲೆಯ ಹೊತ್ತಿಗೆ ಹೊಂದುವ ಅರೆಕಾಲಿಕ ಕೆಲಸ ಯಾವುದು? ಹಪ್ಪಳ ಮಾಡು, ಟ್ಯೂಷನ್ ಹೇಳು, ವಿಮೆ ಮಾಡಿಸು, ಮನೆಯಲ್ಲೇ ಕೂತು ಡೇಟಾ ಎಂಟ್ರಿ ಮಾಡು ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಿಮ್ಮ ಅಭಿಪ್ರಾಯ ತಿಳಿಸಿ."

ಸಂಪಾದಕರ ಉತ್ತರ:

ಸಹೋದರಿ, ನಮಸ್ಕಾರ.

ನೀವು ಕೊಟ್ಟ ವೇಳೆಗಳನ್ನು ಒಂದರ ಪಕ್ಕ ಒಂದು ಬರೆದು ನೋಡಿದೆ. ಇಬ್ಬರು ಮಕ್ಕಳೂ ಏಕಕಾಲಕ್ಕೆ ಶಾಲೆಯಲ್ಲಿರುವ ಹೊತ್ತು ದಿನದಲ್ಲಿ ಒಂದು ನಿಮಿಷವೂ ಇಲ್ಲ. ಮಗಳು ಹೊರಬರುವ 12.30ಕ್ಕೂ ಮಗ ಒಳಹೋಗುವ 12.45ಕ್ಕೂ ನಡುವೆ ಕಾಲು ಗಂಟೆ ಇದೆ. ಅದು ಅವಳ ಚೀಲ ಇಸಿದುಕೊಂಡು ಇವನ ನೀರಿನ ಬಾಟಲಿ ಹುಡುಕುವುದರಲ್ಲೇ ಕಳೆಯುತ್ತದೆ. 'ಮಕ್ಕಳು ಶಾಲೆಗೆ ಹೋದಮೇಲೆ ಐದು ಗಂಟೆ ಖಾಲಿಯಲ್ಲವೇ' ಎಂದು ನಿಮಗೆ ಹೇಳುವವರು ಈ ಲೆಕ್ಕ ಹಾಕಿಲ್ಲ.

ತಪ್ಪು ಯಾರದೂ ಅಲ್ಲ. ಮುಂಬಯಿಯಲ್ಲೂ ಅದರ ಉಪನಗರಗಳಲ್ಲೂ ಜಾಗ ಕಡಿಮೆ, ಮಕ್ಕಳು ಹೆಚ್ಚು. ಅದೇ ಕಟ್ಟಡದಲ್ಲಿ ಬೆಳಿಗ್ಗೆ ದೊಡ್ಡವರು, ಮಧ್ಯಾಹ್ನ ಚಿಕ್ಕವರು. ಮಗನನ್ನೂ ಅಕ್ಕನ ಜೊತೆ ಬೆಳಿಗ್ಗೆ ಏಳಕ್ಕೇ ಕಳುಹಿಸೋಣವೆಂದರೆ ಅದಕ್ಕೂ ದಾರಿಯಿಲ್ಲ. ಚಿಕ್ಕ ಮಕ್ಕಳಿಗೆ ನಿದ್ದೆ ಸಾಲುತ್ತಿಲ್ಲವೆಂದು ಮಹಾರಾಷ್ಟ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ಒಂದು ಆದೇಶ ಹೊರಡಿಸಿತು. ಅದರಂತೆ ನಾಲ್ಕನೆಯ ತರಗತಿಯವರೆಗಿನ ಪಾಠ ಬೆಳಿಗ್ಗೆ ಒಂಬತ್ತಕ್ಕಿಂತ ಮೊದಲು ಶುರುವಾಗುವಂತಿಲ್ಲ. ಅವನು ಐದನೆಯ ತರಗತಿಗೆ ಬಂದಾಗ ಬೆಳಗಿನ ಪಾಳಿ ಸಿಗುತ್ತದೆಯೇ ಎಂದು ಶಾಲೆಯ ಕಚೇರಿಯಲ್ಲಿ ಈಗಲೇ ವಿಚಾರಿಸಿ. ಸಿಗುವುದಾದರೆ ಮೂರು ವರ್ಷದ ನಂತರ ನಿಮ್ಮ ಬೆಳಗಿನ ಹೊತ್ತು ಪೂರ್ತಿ ಬಿಡುವಾಗುತ್ತದೆ. ಈಗ ಹಿಡಿಯುವ ಕೆಲಸವನ್ನು ಆಗ ಮಧ್ಯಾಹ್ನದಿಂದ ಬೆಳಿಗ್ಗೆಗೆ ಸರಿಸಿಕೊಳ್ಳುವಂತಿರಬೇಕು.

ಸದ್ಯಕ್ಕೆ ಉಳಿಯುವುದು ಮಧ್ಯಾಹ್ನ ಒಂದೂವರೆಯಿಂದ ಐದು. ಆ ಹೊತ್ತಿನಲ್ಲಿ ಮಗಳು ಮನೆಯಲ್ಲಿರುತ್ತಾಳೆ. ಹನ್ನೆರಡು ವರ್ಷದ ಹುಡುಗಿ, ಎದುರು ಮನೆಯವರ ಕಣ್ಣಳತೆಯಲ್ಲಿ, ಉಂಡು ಓದಿಕೊಂಡು ಎರಡು ಮೂರು ಗಂಟೆ ಇರಬಲ್ಲಳು. ಆದರೆ ಇದನ್ನು ಅವಳೊಡನೆ ಕೂತು ಮಾತಾಡಿ ತೀರ್ಮಾನಿಸಿ. ತಮ್ಮನನ್ನು ಶಾಲೆಯಿಂದ ಕರೆತರುವುದು, ಅವನಿಗೆ ತಿಂಡಿ ಕೊಡುವುದು, ಗ್ಯಾಸ್ ಹಚ್ಚುವುದು, ಇವನ್ನೆಲ್ಲ ಮೆಲ್ಲಗೆ ಅವಳ ಹೆಗಲಿಗೆ ದಾಟಿಸಬೇಡಿ. ನಮ್ಮ ಮನೆಗಳಲ್ಲಿ ಹಿರಿಯ ಮಗಳು ಎರಡನೆಯ ತಾಯಿಯಾಗುವುದು ಯಾರೂ ಹೇಳದೆಯೇ ನಡೆದುಹೋಗುತ್ತದೆ. ಪರೀಕ್ಷೆಯ ಅಂಕ ಇಳಿದಾಗ ಮಾತ್ರ ಎಲ್ಲರೂ ಕಾರಣ ಹುಡುಕುತ್ತಾರೆ.

ದಿನದ ಲೆಕ್ಕ ಇಷ್ಟು. ಕೆಲಸ ಹುಡುಕುವ ತಾಯಂದಿರು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಅವರಲ್ಲಿ ಹಲವರನ್ನು ಮುಂದಿನ ಮೇ ತಿಂಗಳಲ್ಲಿ ಕೆಲಸ ಬಿಡಿಸುವುದು ವರ್ಷದ ಲೆಕ್ಕ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, ಆರರಿಂದ ಎಂಟಕ್ಕೆ 220 ದಿನ ಪಾಠ ನಡೆಯಬೇಕು. ನಿಮ್ಮ ಶಾಲೆ ಹತ್ತಿಪ್ಪತ್ತು ದಿನ ಹೆಚ್ಚೇ ನಡೆಸಲಿ. ಭಾನುವಾರ ಮಾತ್ರ ಬಾಗಿಲು ಮುಚ್ಚುವ ಅಂಗಡಿಯೋ ಸಣ್ಣ ಕಚೇರಿಯೋ ಹಬ್ಬಗಳನ್ನು ಕಳೆದು ಸುಮಾರು 300 ದಿನ ನಡೆಯುತ್ತದೆ. ನಡುವಿನ ಎಂಬತ್ತು ತೊಂಬತ್ತು ದಿನ ಮಗ ಎಲ್ಲಿರುತ್ತಾನೆ? ಮೇ ತಿಂಗಳಿನಿಂದ ಜೂನ್ ಮಧ್ಯದವರೆಗೆ ಬೇಸಿಗೆ ರಜೆ, ಆಮೇಲೆ ಗಣಪತಿ, ದೀಪಾವಳಿ. ಜುಲೈಯಲ್ಲಿ ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟರೆ ಮಾರನೆಯ ದಿನ ಶಾಲೆಯಿಲ್ಲ. ಆ ಸುದ್ದಿ ನಿಮ್ಮ ಮೊಬೈಲಿಗೆ ಬರುವುದು ರಾತ್ರಿ ಹತ್ತಕ್ಕೋ ಬೆಳಿಗ್ಗೆ ಆರಕ್ಕೋ. ಆದ್ದರಿಂದ ಕೆಲಸ ಕೇಳಲು ಹೋದಾಗ ಪಗಾರಕ್ಕಿಂತ ಮೊದಲು ರಜೆಯ ಮಾತಾಡಿ. ಮೇ ತಿಂಗಳಲ್ಲಿ ಮನೆಯಿಂದ ಮಾಡಬಹುದೇ, ಮಳೆಯ ದಿನ ಬರದಿದ್ದರೆ ಇನ್ನೊಂದು ದಿನ ತುಂಬಿಸಿಕೊಡಬಹುದೇ ಎಂದು ಕೇಳಿ. 'ಅದನ್ನೆಲ್ಲ ಆಮೇಲೆ ನೋಡೋಣ' ಎಂಬ ಉತ್ತರ ಬಂದರೆ ಇಲ್ಲವೆಂದೇ ತಿಳಿಯಿರಿ.

ಇನ್ನು ನಿಮಗೆ ಬಂದ ಸಲಹೆಗಳು. ಡೇಟಾ ಎಂಟ್ರಿಯ ಮಾತು ಬೇಗ ಮುಗಿಸುತ್ತೇನೆ. ಕೆಲಸ ಕೊಡುವವನು ನಿಮಗೆ ಹಣ ಕೊಡಬೇಕು, ನೀವು ಅವನಿಗಲ್ಲ. ನೋಂದಣಿ ಶುಲ್ಕ, ಠೇವಣಿ, ತರಬೇತಿಯ ಹಣ ಎಂದು ಕೇಳಿದ ಕೂಡಲೇ ಫೋನ್ ಇಡಿ. ಮೊದಲ ದಿನ ಸುಲಭದ 'ಟಾಸ್ಕ್' ಕೊಟ್ಟು ನೂರಿನ್ನೂರು ರೂಪಾಯಿ ನಿಜವಾಗಿಯೇ ಖಾತೆಗೆ ಹಾಕುವವರೂ ಇದ್ದಾರೆ. ಅದು ಮೂಗಿಗೆ ತುಪ್ಪ ಸವರುವ ಕೆಲಸ; ಮೂರನೆಯ ದಿನ ಕೇಳುವುದು ಸಾವಿರಗಳಲ್ಲಿ. ನಿಮ್ಮ ಬ್ಯಾಂಕ್ ಖಾತೆಯನ್ನು ಬಳಸಲು ಕೊಡಿ, ಬಾಡಿಗೆ ಕೊಡುತ್ತೇವೆ ಎಂದರಂತೂ ಆ ಕಡೆ ತಲೆಹಾಕಬೇಡಿ, ಪೊಲೀಸರು ಬರುವುದು ನಿಮ್ಮ ಬಾಗಿಲಿಗೆ. ಈಗಾಗಲೇ ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ವಿಮೆಯ ಕೆಲಸ ಮರ್ಯಾದೆಯದ್ದೇ. ಎಲ್‌ಐಸಿಯ 'ಬಿಮಾ ಸಖಿ' ಯೋಜನೆ 2024ರ ಡಿಸೆಂಬರ್‌ನಲ್ಲಿ ಶುರುವಾಯಿತು. ಹತ್ತನೆಯ ತರಗತಿ ಮುಗಿಸಿದ ಮಹಿಳೆಯರಿಗೆ ಮೊದಲ ವರ್ಷ ತಿಂಗಳಿಗೆ 7,000, ಎರಡನೆಯ ವರ್ಷ 6,000, ಮೂರನೆಯ ವರ್ಷ 5,000 ರೂಪಾಯಿ ಕೊಡುತ್ತಾರೆ, ಕಮಿಷನ್ ಬೇರೆ. ಆದರೆ ಅದಕ್ಕೆ ಪಾಲಿಸಿಗಳ ಗುರಿ ಮುಟ್ಟಬೇಕು. ಗಿರಾಕಿ ಮನೆಯಲ್ಲಿ ಸಿಗುವುದು ಸಂಜೆ ಏಳರ ನಂತರ ಮತ್ತು ಭಾನುವಾರ. ನಿಮ್ಮ ಮಕ್ಕಳಿಗೆ ನೀವು ಬೇಕಾಗುವುದೂ ಆಗಲೇ. ನಿಮ್ಮ ಮನೆಯ ಮಟ್ಟಿಗೆ ಇದು ಹೊಂದುವುದಿಲ್ಲ.

ಹಪ್ಪಳದ ಸಲಹೆಗೆ ಮುಂಬಯಿಯಲ್ಲಿ ದೊಡ್ಡ ಪರಂಪರೆಯೇ ಇದೆ. 1959ರ ಮಾರ್ಚ್‌ನಲ್ಲಿ ಗಿರಗಾಂವಿನ ಮಾಳಿಗೆಯೊಂದರಲ್ಲಿ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ತಂದು ಶುರುಮಾಡಿದ್ದೇ ಲಿಜ್ಜತ್ ಪಾಪಡ್. ಅಲ್ಲಿನ ಕ್ರಮವನ್ನು ಗಮನಿಸಿ: ಬೆಳಿಗ್ಗೆ ಶಾಖೆಗೆ ಹೋಗಿ ಹಿಂದಿನ ದಿನ ಲಟ್ಟಿಸಿದ ಹಪ್ಪಳ ತೂಗಿಸಿ ಕೊಡುವುದು, ಆ ದಿನದ ಹಿಟ್ಟು ತೆಗೆದುಕೊಂಡು ಮನೆಗೆ ಬರುವುದು, ಮಕ್ಕಳ ಊಟ ಪಾಠಗಳ ನಡುವೆ ಕೈ ಬಿಡುವಾದಾಗ ಲಟ್ಟಿಸುವುದು. ಲಟ್ಟಿಸಿದಷ್ಟಕ್ಕೆ ಕೂಲಿ, ಸದಸ್ಯೆಯರೇ ಸಂಸ್ಥೆಯ ಒಡತಿಯರಾದ್ದರಿಂದ ಲಾಭದಲ್ಲೂ ಪಾಲು. ಕೆಲಸವನ್ನು ಮನೆಯ ಗಡಿಯಾರಕ್ಕೆ ಹೊಂದಿಸಿದ ಇಂಥ ವ್ಯವಸ್ಥೆಯನ್ನು ದೊಡ್ಡ ದೊಡ್ಡ ಕಂಪನಿಗಳ ಮಾನವ ಸಂಪನ್ಮೂಲ ವಿಭಾಗಗಳೂ ಕಂಡುಹಿಡಿದಿಲ್ಲ. ನನಗೆ ಅದರ ಬಗ್ಗೆ ಗೌರವವಿದೆ. ಆದರೂ ನಿಮಗೆ ಬೇಡವೆನ್ನುತ್ತೇನೆ. ಜಮಾ ಖರ್ಚು ಹೊಂದಿಸಲು ಬಲ್ಲವರಿಗೆ ಲಟ್ಟಣಿಗೆ ಕೊಡುವುದು ನಮ್ಮ ಸಮಾಜದ ಹಳೆಯ ಚಾಳಿ. ಹೆಣ್ಣುಮಗಳು ಕೆಲಸ ಬೇಕೆಂದರೆ ಅವಳ ಪದವಿ ಯಾರ ನೆನಪಿಗೂ ಬರುವುದಿಲ್ಲ, ಅವಳ ಅಡುಗೆ ಮಾತ್ರ ಬರುತ್ತದೆ.

ಟ್ಯೂಷನ್ ಆಗಬಹುದು, ಅದಕ್ಕೆ ಎರಡು ಪಾಳಿಯ ಊರಿನಲ್ಲಿ ಒಂದು ಅನುಕೂಲವೂ ಇದೆ. ಸಾಮಾನ್ಯವಾಗಿ ಟ್ಯೂಷನ್ ಸಂಜೆಯದ್ದು. ಆದರೆ ಮಧ್ಯಾಹ್ನದ ಪಾಳಿಯ ಮಕ್ಕಳು ಬೆಳಿಗ್ಗೆ ಬಿಡುವಾಗಿರುತ್ತಾರೆ. ನಿಮ್ಮ ಮಗನ ವಯಸ್ಸಿನ ಐದಾರು ಮಕ್ಕಳನ್ನು ಒಂಬತ್ತರಿಂದ ಹನ್ನೊಂದರವರೆಗೆ ಕೂರಿಸಿಕೊಂಡರೆ ಅವನೂ ಅವರ ನಡುವೆ ಕೂರುತ್ತಾನೆ. ಶಾಲಾ ಶಿಕ್ಷಕರು ಖಾಸಗಿ ಪಾಠ ಹೇಳುವುದನ್ನು ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸುತ್ತದೆ, ಆದ್ದರಿಂದ ನಿಮ್ಮಂಥವರಿಗೆ ಬೇಡಿಕೆ ಇದ್ದೇ ಇದೆ. ಶಾಲೆಗೆ ರಜೆಯಿದ್ದಾಗ ಟ್ಯೂಷನ್ನಿಗೂ ರಜೆ; ಕೆಲವು ಪೋಷಕರು ಮೇ ತಿಂಗಳ ಶುಲ್ಕ ಕೊಡುವುದಿಲ್ಲ, ಅಷ್ಟನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಇದನ್ನು ಪಕ್ಕದ ಆದಾಯವಾಗಿ ಇಟ್ಟುಕೊಳ್ಳಿ.

ನಿಮ್ಮ ಮುಖ್ಯ ಕೆಲಸ ಲೆಕ್ಕಪತ್ರವೇ ಆಗಬೇಕು. ಡೊಂಬಿವಲಿಯಲ್ಲಿ ಹೌಸಿಂಗ್ ಸೊಸೈಟಿಗಳಿಗೇನು ಬರವೇ? ಪ್ರತಿ ಸೊಸೈಟಿಯೂ ತಿಂಗಳ ಮೆಂಟೆನೆನ್ಸ್ ಬಿಲ್ ಹಾಕಬೇಕು, ರಸೀದಿ ಬರೆಯಬೇಕು, ಬಾಕಿದಾರರ ಪಟ್ಟಿ ಮಾಡಬೇಕು. ಮಾರ್ಚ್ 31ಕ್ಕೆ ಲೆಕ್ಕ ಮುಗಿಸಿ, ಆಡಿಟ್ ಮಾಡಿಸಿ, ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಸಭೆ ನಡೆಸಬೇಕು. ಇದನ್ನೆಲ್ಲ ಮಾಡುವವರು ಸಾಮಾನ್ಯವಾಗಿ ನಿವೃತ್ತ ಕಾರ್ಯದರ್ಶಿಗಳು, ಅವರ ಕನ್ನಡಕದ ಸಂಖ್ಯೆ ವರ್ಷ ವರ್ಷ ಏರುತ್ತಿರುತ್ತದೆ. ಎರಡು ಮೂರು ಸೊಸೈಟಿಗಳ ಪುಸ್ತಕ ನಿಮ್ಮ ಕೈಗೆ ಬಂದರೆ ಅದು ಯಾವ ಹೊತ್ತಿಗೆ ಬೇಕಾದರೂ ಮಾಡುವ ಕೆಲಸ. ಆದರೆ ನಿಮ್ಮದೇ ಸೊಸೈಟಿಯಿಂದ ಶುರುಮಾಡಬೇಡಿ. ನೆರೆಯವರ ಬಾಕಿ ಹಣದ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ನೀವೇ ಅಂಟಿಸಿದರೆ, ಮಧ್ಯಾಹ್ನ ಮಗಳ ಮೇಲೆ ಕಣ್ಣಿಡಬೇಕಾದ ಎದುರು ಮನೆಯವರೇ ಮಾತು ಬಿಟ್ಟಾರು.

ಎರಡನೆಯದು ಅಂಗಡಿಗಳು. ಫಡ್ಕೆ ರಸ್ತೆಯಿಂದ ಮಾನ್ಪಾಡಾ ರಸ್ತೆಯವರೆಗೆ ಬಟ್ಟೆ, ಔಷಧಿ, ಹಾರ್ಡ್‌ವೇರ್ ವ್ಯಾಪಾರಿಗಳಲ್ಲಿ ನೋಂದಣಿ ಆದವರೆಲ್ಲ ಜಿಎಸ್‌ಟಿ ವಿವರ ಸಲ್ಲಿಸಬೇಕು. ತಿಂಗಳಿಗೊಮ್ಮೆ ಸಲ್ಲಿಸುವವರಿಗೆ ಮಾರಾಟದ ವಿವರ 11ನೆಯ ತಾರೀಕಿಗೆ, ತೆರಿಗೆಯ ವಿವರ 20ಕ್ಕೆ. ಅಂದರೆ ತಿಂಗಳ ಮೊದಲ ಇಪ್ಪತ್ತು ದಿನ ಒತ್ತಡ, ಉಳಿದ ಹತ್ತು ದಿನ ಸಡಿಲ. ಇಂಥ ಗಿರಾಕಿಗಳು ಹತ್ತಿರದ ತೆರಿಗೆ ಸಲಹೆಗಾರರ ಬಳಿ, ಸಿಎಗಳ (ಲೆಕ್ಕಪರಿಶೋಧಕರ) ಬಳಿ ಇರುತ್ತಾರೆ. ಮಧ್ಯಾಹ್ನ ಒಂದೂವರೆಯಿಂದ ಐದರವರೆಗೆ ಬಿಲ್‌ಗಳನ್ನು ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ ನಮೂದಿಸುವವರು ಅವರಿಗೂ ಬೇಕು. ನೀವು ಸಂಘದಲ್ಲಿದ್ದಾಗ ಜಿಎಸ್‌ಟಿ ಇತ್ತೋ ಇಲ್ಲವೋ ಪತ್ರದಲ್ಲಿ ಬರೆದಿಲ್ಲ. ಅದು ಬಂದದ್ದು 2017ರ ಜುಲೈಯಲ್ಲಿ. ಆ ಮೊದಲೇ ಕೆಲಸ ಬಿಟ್ಟಿದ್ದರೆ ಒಂದೆರಡು ತಿಂಗಳ ಟ್ಯಾಲಿ ತರಗತಿಗೆ ಹೋಗಿ ಕೈ ಪಳಗಿಸಿಕೊಳ್ಳಿ. ಇದರಲ್ಲಿ ಒಂದು ತೊಡಕೂ ಇದೆ: ವರ್ಷಾಂತ್ಯದ ಲೆಕ್ಕಗಳು ರಾಶಿ ಬೀಳುವುದು ಏಪ್ರಿಲ್‌ನಿಂದ ಜುಲೈವರೆಗೆ, ಬೇಸಿಗೆ ರಜೆಯ ನಟ್ಟನಡುವೆ. ಆದರೆ ಲೆಕ್ಕವನ್ನು ಲ್ಯಾಪ್‌ಟಾಪಿನಲ್ಲಿ ಮನೆಗೆ ಒಯ್ಯಬಹುದು, ಅಂಗಡಿಯ ಗಲ್ಲೆಯನ್ನು ಒಯ್ಯಲಾಗುವುದಿಲ್ಲ.

ಕೆಲಸವನ್ನು ಠಾಣೆ ನಗರದಿಂದಾಚೆಗೆ ಹುಡುಕಬೇಡಿ. ಮಧ್ಯಾಹ್ನ ಲೋಕಲ್ ಖಾಲಿ ಇರುತ್ತದೆ, ಹೋಗುವುದು ಸಲೀಸು. ಸಂಜೆ ಐದಕ್ಕೆ ಕಲ್ಯಾಣದ ಕಡೆಯ ಗಾಡಿ ಹತ್ತುವಾಗ ಕಷ್ಟ ತಿಳಿಯುತ್ತದೆ. ಪ್ರಯಾಣವನ್ನೂ ಕೆಲಸದ ಗಂಟೆಗಳಿಗೆ ಸೇರಿಸಿಯೇ ಪಗಾರ ತೂಗಿ. ದಿನಕ್ಕೆ ನಾಲ್ಕು ಗಂಟೆ, ತಿಂಗಳಿಗೆ 26 ದಿನ, 8,000 ರೂಪಾಯಿ ಎನ್ನಿ. ಗಂಟೆಗೆ ಸುಮಾರು 77 ರೂಪಾಯಿ ಆಯಿತು. ಅದಕ್ಕೆ ಹೋಗಿಬರುವ ಎರಡು ಗಂಟೆ ಸೇರಿದರೆ ಅದೇ ಹಣ ಗಂಟೆಗೆ 51ಕ್ಕೆ ಇಳಿಯುತ್ತದೆ. ಪಾಸು, ಆಟೊ, ರಜೆಯಲ್ಲಿ ಮಗನನ್ನು ಪಾಳಣಾಘರದಲ್ಲಿ (ಮಕ್ಕಳನ್ನು ನೋಡಿಕೊಳ್ಳುವ ಮನೆಯಲ್ಲಿ) ಬಿಟ್ಟರೆ ಅದರ ಶುಲ್ಕ, ಇವನ್ನೂ ಕಳೆಯಿರಿ. ಮನೆಯಿಂದ ನಡೆದು ಹೋಗುವಷ್ಟು ದೂರದ 6,000 ರೂಪಾಯಿಯ ಕೆಲಸ ಹಲವು ಬಾರಿ ಮೇಲಾಗುತ್ತದೆ. 50 ಮತ್ತು ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕೆಂದು ಕಾನೂನು ಹೇಳುತ್ತದೆ, ನಿಜ. ನೀವು ಹೋಗುವ ನಾಲ್ಕು ಮೇಜಿನ ಕಚೇರಿಗೆ ಅದು ಅನ್ವಯಿಸುವುದಿಲ್ಲ.

ಯಜಮಾನರ ವಿಷಯ. ಅಭ್ಯಂತರವಿಲ್ಲ ಎಂದಿದ್ದಾರೆ, ಸಂತೋಷ. ಆದರೆ ಅಷ್ಟರಿಂದ ಮಗನನ್ನು ಶಾಲೆಯಿಂದ ಕರೆತಂದಂತಾಗುವುದಿಲ್ಲ. ಅವರಿಗೆ ಮಂಗಳವಾರ ರಜೆಯಿದೆಯಲ್ಲ, ಎಲ್ಲರಿಗೂ ಭಾನುವಾರ ರಜೆಯಿರುವ ಈ ಊರಿನಲ್ಲಿ ಅದೊಂದು ಭಾಗ್ಯವೇ. ಆ ದಿನ ಬ್ಯಾಂಕು, ರಿಜಿಸ್ಟ್ರಾರ್ ಕಚೇರಿ, ಅಂಗಡಿಗಳೆಲ್ಲ ತೆರೆದಿರುತ್ತವೆ. ಮಂಗಳವಾರ ಊಟ, ಶಾಲೆ, ಹೋಂವರ್ಕ್ ಎಲ್ಲವೂ ಅವರ ಪಾಲಿಗಿರಲಿ. ನೀವು ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಗಿರಾಕಿಗಳ ಬಳಿ ಹೋಗಿ ವಾರದ ಕಾಗದಪತ್ರ ಮುಗಿಸಿ. ಹೋಟೆಲಿನಲ್ಲಿ ಹತ್ತಾರು ಕೆಲಸಗಾರರನ್ನು ಸಂಭಾಳಿಸುವವರಿಗೆ ಇಬ್ಬರು ಮಕ್ಕಳು ಭಾರವಾಗಬಾರದು.

ಈ ಸಂಚಿಕೆ ನಿಮ್ಮ ಕೈ ಸೇರುವಾಗ ಫೆಬ್ರವರಿ ಮುಗಿಯುತ್ತಿರುತ್ತದೆ. ವರ್ಷಾಂತ್ಯದ ಲೆಕ್ಕಕ್ಕೆ ಕೈ ಸಾಲದೆ ಎಲ್ಲ ಸಣ್ಣ ಕಚೇರಿಗಳೂ ಜನ ಹುಡುಕುವ ಕಾಲ. ಹಳೆಯ ಸಂಘದಿಂದ ಅನುಭವ ಪತ್ರ ತರಿಸಿಕೊಳ್ಳಿ, ಒಂದು ಪುಟ ಮೀರದಂತೆ ನಿಮ್ಮ ವಿವರ ಬರೆಯಿರಿ, 'ಮಧ್ಯಾಹ್ನ 1.30ರಿಂದ 5, ಮಂಗಳವಾರ ಪೂರ್ಣ ದಿನ' ಎಂಬುದನ್ನು ಮೇಲುಗಡೆಯೇ ನಮೂದಿಸಿ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅಲ್ಲ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಬೇಕಿದ್ದರೆ ಮಗನನ್ನು ಜೊತೆಗೇ ಕರೆದುಕೊಂಡು, ನಾಲ್ಕಾರು ಕಚೇರಿಗಳಿಗೆ ಖುದ್ದಾಗಿ ಹೋಗಿ ಕೊಡಿ. ಮಗ ಪಕ್ಕದಲ್ಲಿದ್ದರೆ ನೀವು ಯಾವ ಹೊತ್ತಿಗೆ ಬರಬಲ್ಲಿರಿ ಎಂದು ವಿವರಿಸುವ ಶ್ರಮ ಉಳಿಯುತ್ತದೆ.

ನಮ್ಮ ಪತ್ರಿಕೆಯಲ್ಲಿ ಪ್ರೂಫ್ ನೋಡುವ ಕೆಲಸ ಸಿಕ್ಕೀತೇ ಎಂದೂ ಪತ್ರದ ಕೊನೆಯಲ್ಲಿ ಸಂಕೋಚದಿಂದ ಕೇಳಿದ್ದೀರಿ. ಕೆಲಸ ಇದೆ, ಮನೆಯಿಂದಲೇ ಮಾಡಬಹುದು, ನಿಮ್ಮ ಕನ್ನಡವೂ ಚೆನ್ನಾಗಿದೆ. ಸಂಭಾವನೆಯನ್ನು ಮಾತ್ರ ಮೇಲೆ ಹೇಳಿದ ಗಂಟೆಯ ಲೆಕ್ಕಕ್ಕೆ ಹಾಕಿ ನೋಡಬೇಡಿ.