ಅಳಿವೆಯಲ್ಲಿ ಮುಳುಗಿದ ಇಂಜಿನ್ನಿಗೆ ಎಷ್ಟು ಬೆಲೆ?

ಪ್ರಶ್ನೆ: ಅಣ್ಣಾ, ನಮಸ್ಕಾರ. ನಾನು ಹೊನ್ನಾವರದ ಕಡೆಯವನು. ಒಂಬತ್ತು ವರ್ಷದಿಂದ ಬೇರೆಯವರ ಬೋಟಿನಲ್ಲಿ ದುಡಿಯುತ್ತಿದ್ದೇನೆ. ಈಗ ಸ್ವಂತಕ್ಕೊಂದು ನಾಡದೋಣಿ ಮಾಡಿಕೊಳ್ಳುವ ಆಸೆ. ನಮ್ಮೂರಲ್ಲೇ ಒಬ್ಬರ ಹತ್ತಿರ 24 ಅಡಿಯ ಫೈಬರ್ ದೋಣಿ ಇದೆ. ಏಳು ವರ್ಷ ಹಳೆಯದು. 9.9 ಎಚ್‌ಪಿಯ ಸೀಮೆಎಣ್ಣೆ ಔಟ್‌ಬೋರ್ಡ್ ಇಂಜಿನ್, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವುದು. ಕಳೆದ ಸೆಪ್ಟೆಂಬರಿನಲ್ಲಿ ಅಳಿವೆಯಲ್ಲಿ, ಹೊಳೆ ಕಡಲು ಸೇರುವಲ್ಲಿ, ಅಲೆ ಹೊಡೆದು ದೋಣಿ ಮಗುಚಿತ್ತು. ಇಂಜಿನ್ ಒಂದು ರಾತ್ರಿ ಉಪ್ಪುನೀರಿನಲ್ಲೇ ಇತ್ತು. ಆಮೇಲಿಂದ ಶೆಡ್ಡಿನಲ್ಲಿದೆ, ಸ್ಟಾರ್ಟ್ ಆಗುವುದಿಲ್ಲ. "ಪ್ಲಗ್ ಬದಲಿಸಿ ಕಾರ್ಬೊರೇಟರ್ ತೊಳೆದರೆ ಸಾಕು" ಅನ್ನುತ್ತಾರೆ. 1 ಲಕ್ಷ 60 ಸಾವಿರ ಕೇಳುತ್ತಿದ್ದಾರೆ. ನನ್ನ ಹತ್ತಿರ 1 ಲಕ್ಷ 10 ಸಾವಿರ ಇದೆ. ಉಳಿದದ್ದಕ್ಕೆ ಹೆಂಡತಿಯ ಸರ ಅಡವಿಡಬೇಕು. ತೆಗೆದುಕೊಳ್ಳಲೇ, ಬಿಡಲೇ?

ಉತ್ತರ: ತಮ್ಮಾ, ಸರ ಅವಳ ಕೊರಳಲ್ಲೇ ಇರಲಿ. ದೋಣಿಯ ವಿಷಯ ಆಮೇಲೆ ಮಾತಾಡೋಣ.

"ಕಾರ್ಬೊರೇಟರ್ ತೊಳೆದರೆ ಸಾಕು" ಅನ್ನುವ ಮಾತು ನನಗೂ ಒಬ್ಬರು ಹೇಳಿದ್ದರು, 1998ರಲ್ಲಿ. ನಾನೂ ನನ್ನ ಭಾವನೂ ಸೇರಿ ಒಂದು ಮರದ ದೋಣಿ ತೆಗೆದೆವು. ಅದರ ಇಂಜಿನ್ನೂ ಒಮ್ಮೆ ಮುಳುಗಿದ್ದೇ. ತೊಳೆದೆವು, ಎರಡನೇ ಎಳೆತಕ್ಕೇ ಸ್ಟಾರ್ಟ್ ಆಯಿತು. ಭಾವ ತೆಂಗಿನಕಾಯಿ ಒಡೆದ. ಹನ್ನೊಂದು ದಿನ ಓಡಿತು. ಹನ್ನೆರಡನೇ ದಿನ ಗಂಗೊಳ್ಳಿ ಅಳಿವೆಯ ಹೊರಗೆ, ಬಲೆ ತುಂಬಾ ಬಂಗುಡೆ ಇರುವಾಗ, ಕಟಕಟ ಅಂತ ಸದ್ದು ಮಾಡಿ ಗಪ್ಪೆಂದು ನಿಂತಿತು. ಬೇರೆ ದೋಣಿಯವರು ಹಗ್ಗ ಕೊಟ್ಟು ಎಳೆದು ತಂದರು. ಬಿಚ್ಚಿ ನೋಡಿದರೆ ಕ್ರ್ಯಾಂಕಿನ, ಅಂದರೆ ಪಿಸ್ಟನ್ ತಿರುಗಿಸುವ ದಂಡದ, ಬೇರಿಂಗ್ ಪುಡಿಪುಡಿ. ಆ ಸಿಟ್ಟಿಗೇ ನಾನು ಇಂಜಿನ್ ಬಿಚ್ಚುವುದನ್ನು ಕಲಿತದ್ದು ಅನ್ನು.

ಯಾಕೆ ಹಾಗಾಯಿತು ಅಂದರೆ, ಈ ಟೂ-ಸ್ಟ್ರೋಕ್ ಇಂಜಿನ್ನಿಗೆ ಬೇರೆ ಆಯಿಲ್ ಚೇಂಬರ್ ಇರುವುದಿಲ್ಲ. ಸೀಮೆಎಣ್ಣೆಯಲ್ಲಿ ಬೆರೆಸಿದ ಆಯಿಲ್ಲೇ ಬೇರಿಂಗಿಗೆ ತಾಗಬೇಕು. ಅಲ್ಲಿಗೆ ಉಪ್ಪುನೀರು ಹೊಕ್ಕಿತು ಅಂತಿಟ್ಟುಕೋ. ನೀರಿನೊಳಗೆ ಇರುವಷ್ಟು ಹೊತ್ತು ಅಷ್ಟೊಂದು ಹಾಳಾಗುವುದಿಲ್ಲ. ಮೇಲೆ ತೆಗೆದು ಗಾಳಿ ತಾಗಿದ ಮೇಲೆ ತುಕ್ಕು ಓಡುತ್ತದೆ. ಅದಕ್ಕೇ ಗೊತ್ತಿದ್ದವರು ಎತ್ತಿದ ಕೂಡಲೇ ಸಿಹಿನೀರಲ್ಲಿ ತೊಳೆದು, ಪ್ಲಗ್ ತೆಗೆದು ನೀರು ಬಸಿದು, ಆಯಿಲ್ ಹೊಯ್ದು, ಅದೇ ದಿನ ಓಡಿಸುತ್ತಾರೆ. ಮೆಕ್ಯಾನಿಕ್ ಸಿಗದಿದ್ದರೆ ಸಿಹಿನೀರಿನ ಡ್ರಮ್ಮಿನಲ್ಲಿ ಮುಳುಗಿಸಿಯೇ ಇಡುತ್ತಾರೆ. ನೋಡುವವರಿಗೆ ಹುಚ್ಚು ಅನ್ನಿಸುತ್ತದೆ, ಆದರೆ ಅದೇ ಸರಿ.

ಹಾಗಾಗಿ ಯಜಮಾನರ ಹತ್ತಿರ ಎರಡೇ ಪ್ರಶ್ನೆ ಕೇಳು. ಮಗುಚುವಾಗ ಇಂಜಿನ್ ಓಡುತ್ತಿತ್ತಾ? ಎತ್ತಿದ ದಿನ ಏನು ಮಾಡಿದಿರಿ? ಓಡುತ್ತಿದ್ದರೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಗ್ಗಿರುವ ಸಾಧ್ಯತೆ ಇದೆ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಪಿಸ್ಟನ್ ಮೇಲೆ ಬಂದಾಗ ನೀರು ಜಾಗ ಬಿಡುವುದಿಲ್ಲ, ರಾಡೇ ಬಾಗಬೇಕು. ಇನ್ನು "ಏನೂ ಮಾಡಲಿಲ್ಲ, ಶೆಡ್ಡಿಗೆ ಹಾಕಿದೆವು" ಅಂದರೆ ಅದು ಇಂಜಿನ್ ಅಲ್ಲ, ಗುಜರಿ. ನಿನ್ನ ಪತ್ರ ಓದಿದರೆ ನನಗೆ ಹಾಗೇ ಕಾಣುತ್ತದೆ.

ಆದರೂ ಕಣ್ಣಾರೆ ನೋಡದೆ ತೀರ್ಪು ಹೇಳಬಾರದು. ಎರಡೂ ಪ್ಲಗ್ ಬಿಚ್ಚಿಸಿ, ಇಂಜಿನ್ನಿನ ಮೇಲಿನ ಚಕ್ರ, ಫ್ಲೈವ್ಹೀಲ್, ಕೈಯಲ್ಲಿ ತಿರುಗಿಸು. ಮರಳು ಅರೆದಂತೆ ಕರಕರ ಅಂದರೆ ಬೇರಿಂಗ್ ಹೋಗಿದೆ. ತಿರುಗಲೇ ಇಲ್ಲವೆಂದರೆ ಮುಗಿಯಿತು. ನಯವಾಗಿ ತಿರುಗಿದರೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ಹಾಕಿಸು, ಎರಡು ಸಿಲಿಂಡರಿಗೂ ಹೆಚ್ಚುಕಡಿಮೆ ಒಂದೇ ಬರಬೇಕು. ಕೆಳಗಿನ ಗೇರ್ ಬಾಕ್ಸಿನ ಸ್ಕ್ರೂ ಸಡಿಲಿಸಿ ಆಯಿಲ್ ನೋಡು. ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ಸೀಲ್ ಹೋಗಿ ನೀರು ಒಳಗೆ ಸೇರಿದೆ. ಮೆಕ್ಯಾನಿಕ್ಕನನ್ನು ನೀನೇ ಕರೆದುಕೊಂಡು ಹೋಗು. ಅವರು ತೋರಿಸುವ ಮೆಕ್ಯಾನಿಕ್ ಬೇಡ. ಒಳ್ಳೆಯವನೇ ಇರಬಹುದು, ಆದರೂ ಬೇಡ.

ಇನ್ನು ದೋಣಿ. ಎಲ್ಲರೂ ಇಂಜಿನ್ ಸುತ್ತಲೇ ನಿಂತು ಮಾತಾಡುತ್ತಾರೆ, ಹಲಗೆ ನೋಡುವುದಿಲ್ಲ. ಫೈಬರ್ ದೋಣಿಯಲ್ಲಿ ಇಂಜಿನ್ ಕೂರಿಸುವ ಹಿಂದಿನ ಹಲಗೆಯ ಒಳಗೆ ಸಾಮಾನ್ಯವಾಗಿ ಪ್ಲೈವುಡ್ ಇರುತ್ತದೆ. ಬೋಲ್ಟ್ ತೂತಿನಿಂದ ನೀರು ಇಳಿದು ಅದು ಕೊಳೆಯುತ್ತದೆ. ಹೊರಗಿನ ಬಣ್ಣ ಫಳಫಳ ಇರುತ್ತದೆ, ಒಳಗೆ ಅವಲಕ್ಕಿ. ಮರದ ಸುತ್ತಿಗೆಯಲ್ಲಿ ತಟ್ಟುತ್ತಾ ಹೋಗು. ಗಟ್ಟಿ ಜಾಗ ಟಣ್ ಅನ್ನುತ್ತದೆ, ಕೊಳೆತ ಜಾಗ ಬೊದ್ ಅನ್ನುತ್ತದೆ. ಇಂಜಿನ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದಾಗ ಹಲಗೆಯೂ ಬಾಗಿದರೆ ವಾಪಸ್ ಬಾ. ಅಳಿವೆಯಲ್ಲಿ ಮಗುಚಿದ ದೋಣಿ ಮರಳಿಗೆ ಬಡಿದಿರಬಹುದು. ತಳ ಎತ್ತಿಸಿ, ನಡುವೆ ಉಬ್ಬಿರುವ ಏಣಿನ ಉದ್ದಕ್ಕೂ ಕೈಯಾಡಿಸು. ಹೊಸ ಬಣ್ಣ ಹೊಡೆದ ತುಂಡು ಕಂಡರೆ ಅದರಡಿ ಏನಿದೆ ಅಂತ ಕೇಳಲು ನಾಚಿಕೆ ಬೇಡ.

ಬೆಲೆ ಹೀಗೆ ಕಟ್ಟು. ಇಂಜಿನ್ ಇಲ್ಲವೇ ಇಲ್ಲ ಅಂದುಕೋ. ತದಡಿಯಲ್ಲಿ, ಭಟ್ಕಳದಲ್ಲಿ, ಗಂಗೊಳ್ಳಿಯಲ್ಲಿ ಇಷ್ಟೇ ಉದ್ದದ, ಇಷ್ಟೇ ಹಳೆಯ ಬರೀ ದೋಣಿ ಎಷ್ಟಕ್ಕೆ ಹೋಗುತ್ತಿದೆ ಅಂತ ನಾಲ್ಕು ಜನರ ಹತ್ತಿರ ವಿಚಾರಿಸು. ನಿನ್ನ ಬೆಲೆ ಅದೇ. ಇಂಜಿನ್ನಿನ ಮುಚ್ಚಳ, ಪ್ರೊಪೆಲ್ಲರ್, ಕಾಲು ಚೆನ್ನಾಗಿದ್ದರೆ ಅಷ್ಟೇ ಲಾಭ. ನಿನ್ನ 1 ಲಕ್ಷ 10 ಸಾವಿರದಲ್ಲಿ ದೋಣಿಯೂ ಆಗಬೇಕು, ಓಡುವ ಇಂಜಿನ್ನಿಗೂ ಉಳಿಯಬೇಕು, ಬಲೆಗೂ ಬೇಕು. ಬಲೆ ವಿಷಯ ನೀನು ಬರೆದೇ ಇಲ್ಲ!

ಹಳೆ ಇಂಜಿನ್ನನ್ನೇ ರಿಪೇರಿ ಮಾಡಿ ನೋಡೋಣ ಅಂತ ನಿನಗೆ ಅನ್ನಿಸಬಹುದು. ಬೇಡ, ಯಾಕೆ ಅಂತ ಕೇಳು. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳಿಗೆ 61 ದಿನ ಮೀನುಗಾರಿಕೆ ನಿಷೇಧ. 10 ಎಚ್‌ಪಿವರೆಗಿನ ಇಂಜಿನ್ನಿನ ನಾಡದೋಣಿಗೆ ತಡೆ ಇಲ್ಲ. 9.9ಕ್ಕೆ ಬೇಡಿಕೆ ಇರುವುದಕ್ಕೆ ಇದೂ ಒಂದು ಕಾರಣ. ಅಂದರೆ ನೀನು ದುಡಿಯಬೇಕಾದದ್ದು ಮಳೆಗಾಲದಲ್ಲಿ, ಶರಾವತಿ ಅಳಿವೆ ದಾಟಿ. ಅಲ್ಲಿ ಅಲೆ ಮುರಿಯುವ ಜಾಗದಲ್ಲಿ ಇಂಜಿನ್ ನಿಂತರೆ ಹಗ್ಗ ಕೊಡಲು ಯಾರೂ ಹತ್ತಿರ ಬರಲಾಗದು. ನಾವು ಆ ದಿನ ಉಳಿದದ್ದು ಕಡಲು ಶಾಂತ ಇತ್ತು ಅಂತ, ಅಷ್ಟೇ.

ಕಾಗದ ಮರೆಯಬೇಡ. ಮೀನುಗಾರಿಕೆ ಇಲಾಖೆಯ ನೋಂದಣಿ, ಲೈಸೆನ್ಸ್ ಯಾರ ಹೆಸರಲ್ಲಿದೆ, ದೋಣಿಯ ಮೇಲೆ ಸೊಸೈಟಿ ಸಾಲ ಇದೆಯಾ, ಸೀಮೆಎಣ್ಣೆ ಪರ್ಮಿಟ್ ನಿನ್ನ ಹೆಸರಿಗೆ ಬರುತ್ತದಾ, ಇಲಾಖೆಗೇ ಹೋಗಿ ಕೇಳು. ಹಣ ಎಣಿಸುವ ಮೊದಲು.

ಹೋಗುವುದಾದರೆ ಈ ವಾರವೇ ಹೋಗು. ಮೇ ಬಂತು ಅಂದರೆ ನಾಡದೋಣಿಗೆ ಗಿರಾಕಿ ಜಾಸ್ತಿ, ಆಗ ಅವರು ಒಂದು ರೂಪಾಯಿಯೂ ಇಳಿಯುವುದಿಲ್ಲ. ಸುತ್ತಿಗೆ ಮರದ್ದೇ ಇರಲಿ. ಕಬ್ಬಿಣದ್ದು ಹಿಡಿದುಕೊಂಡು ಹೋದರೆ ಯಜಮಾನರು ದೋಣಿ ಮುಟ್ಟಲೂ ಬಿಡಲಿಕ್ಕಿಲ್ಲ.